ಬಸ್ಸಮ್ಮ, ಗಂಡ ಗೋಪಪ್ಪ

೧೨ ಡಿಸೆಂಬರ್ ೧೯೮೨, ರವಿವಾರ

ಸೀರೆ ಎರಡು ಒಗೆದೆ. ಮೂರನೇ ತರಗತಿಯ ಕಾಪಿ ತಿದ್ದಿದೆ. ಹದಿನೇಳು ಮಕ್ಕಳಲ್ಲಿ ಹನ್ನೊಂದು ಮಂದಿ 'ಭಾರತ'ವನ್ನು 'ಬಾರತ' ಎಂದೇ ಬರೆದಿದ್ದಾರೆ. ನಾಳೆ ನಮ್ಮ ಮಲ್ಲಟದ ಶಾಲೆಗೆ ಇನ್‌ಸ್ಪೆಕ್ಟರ್ ಬರುತ್ತಾರಂತೆ. ಬರಲಿ, ನನಗೇನು ಹೆದರಿಕೆ?

ಮಧ್ಯಾಹ್ನ ಮಹಾಂತಯ್ಯನವರು ಹೇಳಿ ಕಳಿಸಿದರು. ಊರಿನ ಅರ್ಧ ಹೊಲ ಅವರದು, ಅಪ್ಪ ಕೂಲಿಗೆ ಹೋಗುವುದೂ ಅಲ್ಲಿಗೇ. ಹೋದೆ. ಕಟ್ಟೆಯ ಮೇಲೆ ಕೂಡಿಸಿದರು! ನಮ್ಮ ಕೇರಿಯವರು ಆ ಕಟ್ಟೆಯ ಮೇಲೆ ಕೂತದ್ದನ್ನು ನಾನು ಕಂಡಿಲ್ಲ. "ಟೀಚರಮ್ಮ, ನಿನ್ನ ಅಕ್ಷರ ದುಂಡಗ ಅದಾವಂತ. ಒಂದು ನೋಟೀಸು ಬರದು ಕೊಡು" ಎಂದರು. ಅವರು ಹೇಳಿದರು, ನಾನು ಬರೆದೆ —

'ಜನವರಿ ಐದರ ಚುನಾವಣೆಯಲ್ಲಿ ಊರಿನ ಪ್ರತಿಯೊಬ್ಬರೂ ಕಡ್ಡಾಯವಾಗಿ ಮತ ಹಾಕತಕ್ಕದ್ದು. ಒಬ್ಬರು ತಪ್ಪಿದರೂ ಆ ಮನೆಯಿಂದ ಒಂದು ಆಳು ಎಂಟು ದಿನ ಹಳ್ಳದ ಒಡ್ಡಿನ ಹೂಳೆತ್ತುವ ಶ್ರಮದಾನ ಮಾಡತಕ್ಕದ್ದು.'

ಬರೆಯುವಾಗ ಖುಷಿಯೋ ಖುಷಿ. ರಾಯಚೂರಿನಲ್ಲಿ ಟೀಚರ ತರಬೇತಿ ಟಿ.ಸಿ.ಎಚ್. ಮಾಡುವಾಗ 'ಮತದಾನ ಕಡ್ಡಾಯವಾಗಬೇಕೆ?' ಎಂಬ ಚರ್ಚಾಸ್ಪರ್ಧೆಯಲ್ಲಿ ಆಗಲೇಬೇಕು ಎಂದು ಮೇಜು ಗುದ್ದಿ ಗೆದ್ದವಳು ನಾನು. ಕಡ್ಡಾಯ ಮಾಡಿದರೆ ಕೂಲಿಯವನಿಗೆ ಆ ದಿನ ರಜೆ ಕೊಡಲೇಬೇಕು. ಕೇರಿಯ ಹತ್ತಿರವೇ ಬೂತು ತರಲೇಬೇಕು. ಬಡವರೆಲ್ಲ ಓಟು ಹಾಕಿದರೆ ಬಡವರ ಮಾತು ಕೇಳದೆ ಯಾರು ಗೆಲ್ಲುತ್ತಾರೆ? ಇಷ್ಟೇ ನನ್ನ ವಾದ. ಈಗಲೂ ಅದೇ.

ಎಂಬತ್ತರ ಚುನಾವಣೆಯ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಈ ಸಲ ಇದೆಯಂತೆ. ನನ್ನ ಮೊದಲನೇ ಓಟು!

೧೩ ಡಿಸೆಂಬರ್, ರಾತ್ರಿ

ಇನ್‌ಸ್ಪೆಕ್ಟರ್ ಬರಲಿಲ್ಲ.

ನೋಟೀಸನ್ನು ಚಾವಡಿಯ ಗೋಡೆಗೆ ಅಂಟಿಸಿದ್ದಾರೆ. ಅವ್ವನಿಗೆ ತೋರಿಸಿ ಓದಿ ಹೇಳಿದೆ. ಅವ್ವ ತಲೆಯ ಮೇಲಿನ ಕಟ್ಟಿಗೆ ಹೊರೆ ಇಳಿಸದೆ ಕೇಳಿದಳು.

"ಎಂಟು ದಿನಕ್ಕ ಕೂಲಿ ಎಷ್ಟು?"

"ಕೂಲಿ ಇಲ್ಲಬೇ. ಶ್ರಮದಾನ."

"ಅಂದ್ರ ಬಿಟ್ಟಿ."

"ಬಿಟ್ಟಿ ಬ್ಯಾರೆ, ಶ್ರಮದಾನ ಬ್ಯಾರೆ. ಊರಿನ ಸಲುವಾಗಿ..."

"ಒಡ್ಡಿನ ಕೆಳಗಿನ ಹೊಲ ಯಾರ್ದು?"

ಮಹಾಂತಯ್ಯನವರದು. ನನಗೆ ಹೊಳೆದೇ ಇರಲಿಲ್ಲ.

"ನೀ ಹೊಟ್ಟ್ಯಾಗಿದ್ದಾಗ ಅವರ ದನದ ಕೊಟ್ಟಿಗಿ ಬಳದೀನಿ, ಒಂದು ಸೇರು ಜ್ವಾಳ ಇಲ್ಲದ. ನಿನ್ನ ಸಾಲಿಗಿ ಹಾಕಿದ ದಿನ ಬಿಟ್ಟೀನಿ. ಹೋಗಂಗಿಲ್ಲ ಅಂದ್ರ ಹೋಗಂಗಿಲ್ಲ ಅಂದು ಬಂದೀನಿ. ಇವತ್ತು ನೀ ಬರದು ಕರೀತಿಯಲ್ಲ..."

ಅಷ್ಟೇ. ರಾತ್ರಿ ಊಟಕ್ಕೆ ಕೂತಾಗಲೂ ಮಾತಿಲ್ಲ. ರೊಟ್ಟಿ ಮಾತ್ರ ನನ್ನ ತಟ್ಟೆಗೆ ಮೊದಲು ಹಾಕಿದಳು. ನಾಚಿಕೆಯಿಂದ ಸತ್ತೆ.

೧೬ ಡಿಸೆಂಬರ್, ಗುರುವಾರ

ಮತದಾರರ ಪಟ್ಟಿ ನೋಡಿ ಬಂದೆ. ನನ್ನ ಹೆಸರು ಸರಿಯಾಗಿದೆ. ಅಪ್ಪನದೂ ಸರಿ. ಅವ್ವನದು —

'ಬಸ್ಸಮ್ಮ, ಗಂಡ ಗೋಪಪ್ಪ.'

ಯಾರಪ್ಪ ಈ ಗೋಪಪ್ಪ? ಅಪ್ಪನ ಹೆಸರು ಮೌನಪ್ಪ!

ಮನೆಗೆ ಬಂದು ಕೇಳಿದ ಮೇಲೆ ಗೊತ್ತಾಯಿತು. ಪಟ್ಟಿ ಬರೆಯುವವರು ಬಂದಾಗ ಅಪ್ಪ ಹೊಲದಲ್ಲಿ, ನಾನು ರಾಯಚೂರಿನಲ್ಲಿ. ಗಂಡನ ಹೆಸರು ಕೇಳಿದರಂತೆ. ಅವ್ವ ಗಂಡನ ಹೆಸರು ಹೇಳುತ್ತಾಳೆಯೇ? ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಲ್ಲ! ತಿಂಥಣಿ ಮೌನೇಶ್ವರನಿಗೂ ಅಪ್ಪನದೇ ಹೆಸರು ಎಂದು ದೇವರನ್ನೂ 'ತಿಂಥಣಿ ಅಪ್ಪ' ಎಂದಷ್ಟೇ ಕರೆಯುವವಳು. ಅದಕ್ಕೇ ನನ್ನ ಹೆಸರು ಹಿಡಿದು "ನಮ್ಮ ಗೋಪಮ್ಮನಪ್ಪ" ಅಂದಿದ್ದಾಳೆ. ಅವರು ಗೋಪಪ್ಪ ಎಂದು ಗೀಚಿಕೊಂಡು ಹೋಗಿದ್ದಾರೆ.

ನಕ್ಕು ನಕ್ಕು ಹೊಟ್ಟೆ ನೋವು ಬಂತು. ಅಪ್ಪ ಬೀಡಿ ಕೆಳಗಿಟ್ಟು ನಕ್ಕ. ಅವ್ವ ನಗಲಿಲ್ಲ.

"ಹೋದ ಇಲೆಕ್ಷನ್ನಿನ್ಯಾಗೂ ಹಿಂಗ ಮಾಡಿದ್ರು. ಗಂಡ ಗೋಪಪ್ಪ ಹೌದಲ್ಲ ಅಂತ ಮಂದ್ಯಾಗ ಕೇಳಿದ್ರು. ಇಲ್ಲದ ಗಂಡನ್ನ ಹೌದು ಅನ್ನಲೇನು? ಅದರ ಮುಂಚಿ ಎರಡು ಸಲ ಬರೇ 'ಗಂಡನ ಹೆಸರೇನು' ಅಂದಿದ್ರು. ಎಲ್ಲಾ ಸಲಾನೂ ತಿರಿಗಿ ಬಂದೀನಿ."

ಅಂದರೆ ಅವ್ವ ಈವರೆಗೆ ಒಂದು ಓಟೂ ಹಾಕಿಲ್ಲ. ಹಾಕಬಾರದು ಎಂದಲ್ಲ, ಪ್ರತಿ ಸಲ ಹೊಸ ಸೀರೆ ಉಟ್ಟು ಹೋಗಿದ್ದಾಳೆ. ನನಗೆ ಗೊತ್ತೇ ಇರಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಮಾತ್ರ 'ಓಟು ಹಾಕದವರು ದೇಶಕ್ಕೆ ಭಾರ' ಎಂದು ಕೂಗಿದ್ದೆ. ಚಪ್ಪಾಳೆ ಬೇರೆ.

ಈಗ ಅವ್ವ ಓಟು ಹಾಕಲಾರದೆ ತಿರುಗಿ ಬಂದರೆ ಎಂಟು ದಿನ ಬಿಟ್ಟಿ.

೨೦ ಡಿಸೆಂಬರ್, ಸೋಮವಾರ

ರಜೆ ಹಾಕಿ ಮಾನ್ವಿಗೆ ಹೋದೆ. ತಹಶೀಲ ಕಚೇರಿ. ಪಟ್ಟಿ ತಿದ್ದುವ ತಾರೀಖು ಮುಗಿದಿದೆಯಂತೆ. ಗುಮಾಸ್ತರು ಒಳ್ಳೆಯವರು, ಚಹ ತರಿಸಿದರು. ಓಟು ಹಾಕದವರಿಗೆ ದಂಡ ಹಾಕುವ ಕಾನೂನು ಇದೆಯೇ ಎಂದು ಕೇಳಿದೆ. "ಎಲ್ಲಿ ಅದರೀ? ಹಾಕಿದ್ರ ಹಾಕಬಹುದು, ಬಿಟ್ರ ಬಿಡಬಹುದು" ಎಂದು ನಕ್ಕರು.

ವಾಪಸು ಬರುವ ಬಸ್ಸಿನಲ್ಲಿ ಮುನವ್ವರ್ ಬೀ ಸಿಕ್ಕರು — ನಮ್ಮ ಶಾಲೆಯ ಉರ್ದು ಟೀಚರು, ಊರು ದೇವದುರ್ಗ. ಎಲ್ಲ ಹೇಳಿಕೊಂಡೆ. ಅವರು ಎಂದೂ ಓಟು ಹಾಕುವವರಲ್ಲ. ಅದಕ್ಕಾಗಿ ಅವರ ಜೊತೆ ಎಷ್ಟು ಸಲ ಜಗಳ ಆಡಿದ್ದೇನೆ!

"ಅರೇ ಗೋಪಮ್ಮ, ನಮ್ಮ ಮನ್ಯಾಗ ಯಜಮಾನರು ಹೇಳಿದವರಿಗೇ ಹಾಕಬೇಕು. ಮಸಿ ನನ್ನ ಬೆರಳಿಗೆ, ಓಟು ಅವರ್ದು. ಅದಕ್ಕ ನಾನು ನಕ್ಕೋ, ಬ್ಯಾಡ ಅಂದೆ. ಹಾಕೂದು ಹಕ್ಕಂದ್ರ, ನಕ್ಕೋ ಅನ್ನೂದೂ ಹಕ್ಕೇ."

"ಎಲ್ಲಾರೂ ನಕ್ಕೋ ಅಂದ್ರ ಮಹಾಂತಯ್ಯನಂಥವರೇ ಆಳ್ತಾರ್ರೀ."

"ಎಲ್ಲಾರಿಗೂ ಹೆದರಿಸಿ ಹಾಕಿಸಿದ್ರೂ ಅವರೇ ಆಳ್ತಾರ."

ಸಿಟ್ಟು ಬಂತು. ಕಿಟಕಿಯ ಕಡೆ ತಿರುಗಿ ಕೂತೆ.

೨೮ ಡಿಸೆಂಬರ್

ಎಂಟು ದಿನ ಬರೆದಿಲ್ಲ. ಬರೆಯುವ ಮುಖ ಇರಲಿಲ್ಲ.

ಇವತ್ತು ಶಾಲೆ ಬಿಟ್ಟು ಬರುವಾಗ ಬಸ್ಸಿಳಿದು ನೇರ ಚಾವಡಿಗೆ ಹೋದೆ. ಬ್ಯಾಗಿನಿಂದ ಕೆಂಪು ಪೆನ್ನು ತೆಗೆದೆ. ನೋಟೀಸಿನ ಎರಡನೇ ಸಾಲಿಗೆ ಈ ತುದಿಯಿಂದ ಆ ತುದಿಯವರೆಗೆ ಗೀಟು ಹೊಡೆದೆ. ಪಕ್ಕದಲ್ಲಿ 'ತಪ್ಪು' ಎಂದು ಬರೆದೆ, ಮಕ್ಕಳ ಕಾಪಿಗೆ ಬರೆಯುವ ಹಾಗೆ. ಕೆಳಗೆ ಸಹಿ, ತಾರೀಖು.

ಹತ್ತು ಮಂದಿ ನೋಡಿದರು.

ಮಹಾಂತಯ್ಯನವರು ಬಂದು ನಿಂತರು. ಕೂಗಾಡಲಿಲ್ಲ. "ಗೀಟು ಹೊಡದ್ರ ಮಾತು ಹೋಗ್ತದೇನು? ಊರಿಗೆ ಹೇಳಿದ್ದು ಹೇಳಿದ್ದೇ. ನಿಮ್ಮ ಮನ್ಯಾಗ ಮೂರು ಓಟು ಅದಾವ. ನಿಮ್ಮವ್ವನ ಓಟು ಹ್ಯಾಂಗ ಬೀಳ್ತದ ನೋಡ್ತೀನಿ. ಏಜೆಂಟ್ ಅಂತ ನಾನೇ ಕುಂದ್ರಾಂವ ಅದೀನಿ" ಎಂದರು.

ಆಗ ತಿಳಿಯಿತು. ಪಟ್ಟಿಯ ಗೋಪಪ್ಪ ಅವರಿಗೂ ಗೊತ್ತು. ಅವ್ವನ ಓಟು ತಾನೇ ತಪ್ಪಿಸುವುದು, ಆಮೇಲೆ ಓಟು ಹಾಕಲಿಲ್ಲ ಎಂದು ತಾನೇ ಬಿಟ್ಟಿಗೆ ಕರೆಯುವುದು. ಎಂಥಾ ತಲೆ!

ಮನೆಗೆ ಬಂದಾಗ ಅವ್ವನಿಗೆ ಸುದ್ದಿ ಮುಟ್ಟಿತ್ತು. "ಉಣ್ಣು ಬಾ" ಅಂದಳು. ಹದಿನೈದು ದಿನದ ಮೇಲೆ ತಾನಾಗಿ ಆಡಿದ ಮೊದಲ ಮಾತು.

೩ ಜನವರಿ ೧೯೮೩, ಸೋಮವಾರ

ಕೇರಿಯಲ್ಲಿ ಎಲ್ಲರೂ ಓಟಿಗೆ ತಯಾರು. ಯಾರಿಗೆ ಹಾಕಬೇಕೆಂಬ ಮಾತೇ ಇಲ್ಲ. ಹಾಕದಿದ್ದರೆ ಹೂಳು, ಅದೊಂದೇ ಮಾತು. ಬಾಣಂತಿಯನ್ನೂ ಎತ್ತಿಕೊಂಡು ಹೋಗುತ್ತಾರಂತೆ.

ಎರಡು ದಿನದಿಂದ ಇದೇ ಯೋಚನೆ. ಎಲ್ಲರೂ ಹೆದರಿ ಹಾಕಿದರೆ ಬಿಟ್ಟಿಗೆ ಕರೆಯುವ ಪ್ರಸಂಗವೇ ಬರುವುದಿಲ್ಲ. ಆದರೆ ಆ ಮಾತು ಹಾಗೇ ಉಳಿಯುತ್ತದೆ. ಮುಂದಿನ ಚುನಾವಣೆಗೂ, ಅದರ ಮುಂದಿನದಕ್ಕೂ. ಯಾರಾದರೂ ಒಬ್ಬರು ಓಟು ಹಾಕಬಾರದು. ಹಾಕದೆ, ಬಿಟ್ಟಿಗೂ ಹೋಗಬಾರದು. ಏನೂ ಮಾಡಲಾರರು ಎಂದು ಊರು ಕಣ್ಣಾರೆ ನೋಡಬೇಕು.

ಯಾರು? ಅಪ್ಪನಿಂದ ಆಗದು, ಪಾಪ. ಅವ್ವನಂತೂ ಅಲ್ಲ. ಆಕೆ ಮೂರು ಸಲ ಹೊಸ ಸೀರೆ ಉಟ್ಟು ವಾಪಸು ಬಂದವಳು. ಆಕೆಯ ಓಟು ಬೀಳಲೇಬೇಕು. ನನಗೆ ಸರ್ಕಾರಿ ಸಂಬಳ. ನೋಟೀಸು ಬರೆದ ಕೈಯೂ ನನ್ನದು.

ಹಾಗಾದರೆ ನಾನೇ.

ಅಳು ಬಂತು. ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ. ನನಗೆ ಓಟು ಹಾಕಬೇಕು. ಬಹಳ ಆಸೆ ಇದೆ. ಯಾರಿಗೆ ಎಂದು ಒಂದು ತಿಂಗಳ ಹಿಂದೆಯೇ ಗಟ್ಟಿ ಮಾಡಿಕೊಂಡಿದ್ದೆ...

೫ ಜನವರಿ, ಬುಧವಾರ, ಸಂಜೆ ೬

ಎಲ್ಲ ಕ್ರಮವಾಗಿ ಬರೆಯಬೇಕು. ಒಂದೂ ಬಿಡಬಾರದು.

ಬೆಳಿಗ್ಗೆ ಒಂಬತ್ತಕ್ಕೆ ಚಾವಡಿಯ ಬೂತು. ಹೆಂಗಸರ ಸಾಲಿನಲ್ಲಿ ಅವ್ವ, ಹಿಂದೆ ನಾನು. ಗಂಡಸರ ಸಾಲಿನಲ್ಲಿ ಅಪ್ಪ. ಅವ್ವ ದೀಪಾವಳಿಯ ಸೀರೆ ಉಟ್ಟಿದ್ದಳು.

ಅಧಿಕಾರಿ ಹೊರಗಿನವರು, ದಪ್ಪ ಕನ್ನಡಕ. ಪಟ್ಟಿ ನೋಡಿ ಓದಿದರು.

"ಬಸ್ಸಮ್ಮ, ಗಂಡ ಗೋಪಪ್ಪ. ಹೌದೇನಮ್ಮ?"

"ಅಲ್ರೀ."

"ಮತ್ತ ಗಂಡನ ಹೆಸರೇನು?"

ಅವ್ವ ಸೆರಗು ಬಾಯಿಗೆ ಹಿಡಿದಳು. ಮಹಾಂತಯ್ಯ ಬೆಂಚಿನಿಂದ ಎದ್ದರು. "ಸಾಹೇಬ್ರ, ನಂದು ತಕರಾರದ. ಪಟ್ಟ್ಯಾಗಿನ ಬಸ್ಸಮ್ಮ ಇಕಿ ಅಲ್ಲ. ಇಕಿ ಗಂಡ ಬ್ಯಾರೆ."

ತಡೆಯಲಾಗಲಿಲ್ಲ. "ಸರ್, ಗೋಪಪ್ಪ ಅಂದ್ರ ನಾನು!" ಎಂದು ಒದರಿಬಿಟ್ಟೆ. ಇಡೀ ಸಾಲು ನಕ್ಕಿತು. ಗೋಪಮ್ಮನ ಅಪ್ಪ ಗೋಪಪ್ಪ ಆದ ಕಥೆ ಹೇಳಿದೆ. ಅಧಿಕಾರಿಗೂ ನಗು ಬಂದು ಕನ್ನಡಕ ಒರೆಸಿಕೊಂಡರು. "ಹಂಗಾದ್ರ ನಿಮ್ಮ ತಂದೆ ಹೆಸರು?"

"ಮಗಳು ಹೇಳಿದ್ರ ನಡ್ಯಂಗಿಲ್ರೀ" ಎಂದರು ಮಹಾಂತಯ್ಯ. "ಓಟು ಇಕಿದು. ಇಕೀನ ಹೇಳ್ಲಿ."

ಹೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಇಡೀ ಊರಿಗೆ ಗೊತ್ತಿತ್ತು. ಯಾವ ಹೆಂಗಸು ಹೇಳುತ್ತಾಳೆ, ಅದೂ ಗಂಡ ಎದುರಿಗೆ ನಿಂತಿರುವಾಗ?

ಅವ್ವ ಬಾಗಿಲಾಚೆ ನೋಡಿದಳು. ಅಪ್ಪ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದ. "ಹೇಳಬೇ. ಇಷ್ಟು ಮಂದಿ ಬಿಟ್ಟಿ ಮಾಡಿಸಿದ್ರೂ ಸಾಯಲಿಲ್ಲ, ನೀ ಕರದ್ರ ಸಾಯ್ತೀನೇನು?" ಅಂದ. ನಮ್ಮಪ್ಪ! ಮಹಾಂತಯ್ಯನ ಎದುರಿಗೆ!

ಅವ್ವ ಸೆರಗು ಬಿಟ್ಟಳು.

"ಮೋನಪ್ಪ! ನನ್ನ ಗಂಡ ಮೋನಪ್ಪ. ಅಲ್ಲಿ ನಿಂತಾನಲ್ಲ, ಅಂವಾ. ಬರ್ಕೋರಿ. ಕೇಳಿಸಲಿಲ್ಲಂದ್ರ ಇನ್ನೊಮ್ಮಿ ಹೇಳ್ತೀನಿ."

ಹೊರಗಿನ ತನಕ ಕೇಳಿಸಿತು. ಹೆಂಗಸರೆಲ್ಲ ಬಾಯಿ ಮೇಲೆ ಕೈ. ಅಧಿಕಾರಿ ನೆಟ್ಟಗೆ ಕೂತು, ಇದು ಬರೆದವರ ತಪ್ಪು, ತಕರಾರು ನಿಲ್ಲುವುದಿಲ್ಲ ಎಂದು ಓಟಿನ ಚೀಟಿ ಕೊಡಿಸಿದರು.

ಅವ್ವ ಮರೆಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಸಾಲಿನವರು ಗೊಣಗಿದರು. ನಿಧಾನವಾಗಿ ಹಾಕಲಿ, ಯಾರಪ್ಪನ ಗಂಟೇನು?

ಆಮೇಲೆ ನನ್ನ ಹೆಸರು ಕರೆದರು. ಮೇಜಿನ ಮುಂದೆ ಹೋಗಿ ನಿಂತೆ.

"ಸರ್, ನಾನು ಓಟು ಹಾಕಂಗಿಲ್ಲ. ನನಗ ಓಟು ಹಾಕೋ ಆಸೆ ಅದ. ಆದ್ರ ಈ ಊರಾಗ ಹಾಕಲಿಲ್ಲಂದ್ರ ಬಿಟ್ಟಿ ಅಂತ ಹೇಳ್ಯಾರ. ಅದಕ್ಕ ಹಾಕಂಗಿಲ್ಲ."

ಹೊರಗೆ ಬಂದೆ. ಬೆನ್ನ ಹಿಂದೆ ಮಹಾಂತಯ್ಯ ಪಟ್ಟಿಯಲ್ಲಿ ಗುರುತು ಮಾಡಿಕೊಳ್ಳುತ್ತಾ "ಬರದಾಕೀನ ತಪ್ಪಿದ್ಲಲ್ಲ" ಅಂದದ್ದು ಕೇಳಿಸಿತು.

ಅವ್ವ ಬೇವಿನ ಗಿಡದ ಕೆಳಗೆ ಮಸಿಯ ಬೆರಳನ್ನು ಗಾಳಿಗೆ ಹಿಡಿದು ನಿಂತಿದ್ದಳು. ನನ್ನ ಬೆರಳು ನೋಡಿದಳು. "ಓದಿದಾಕಿ ನೀ ಹಾಕಬೇಕಿತ್ತು" ಎಂದು ಬೈದಳು. ಹಾಗೇ ಕೈ ಹಿಡಿದುಕೊಂಡು ಮನೆಯ ತನಕ ಬಿಡಲಿಲ್ಲ.

೬ ಜನವರಿ

ಶಾಲೆಗೆ ಹೋದೆ. ಮುನವ್ವರ್ ಬೀ ಮಸಿಯಿಲ್ಲದ ನನ್ನ ಬೆರಳು ನೋಡಿ ಕಣ್ಣರಳಿಸಿದರು. "ನಾನು ಮಾತ್ರ ನಿಮ್ಮ ಪಾರ್ಟಿ ಅಲ್ರೀ" ಎಂದೆ. "ಮುಂದಿನ ಸಲ ಹಾಕಾಕಿ. ನಿಮ್ಮನ್ನೂ ಎಳಕೊಂಡು ಹೋಗಾಕಿ." ನಕ್ಕರು. ಯೋಚನೆ ಮಾಡುತ್ತಾರಂತೆ.

ಊರಿನಲ್ಲಿ ಓಟು ಹಾಕದವಳು ನಾನೊಬ್ಬಳೇ.

ಮನೆಯಲ್ಲಿ ಹೊಸ ತೊಂದರೆ. ಅವ್ವನಿಗೆ ರುಚಿ ಹತ್ತಿಬಿಟ್ಟಿದೆ. "ಮೋನಪ್ಪ, ನೀರು ತಾ. ಮೋನಪ್ಪ, ಕೋಳಿ ಓಡ್ಸು." ಅಪ್ಪ ನಾಚಿಕೊಂಡು ಓಡಾಡುತ್ತಿದ್ದಾನೆ.

೮ ಜನವರಿ, ಶನಿವಾರ, ಬೆಳಿಗ್ಗೆ ೭

ಮಹಾಂತಯ್ಯನವರ ಆಳು ಬಾಗಿಲಿಗೆ ಬುಟ್ಟಿ, ಸಲಿಕೆ ಇಟ್ಟು ಹೋದ. ಹಿಂದೆಯೇ ಅವರೂ ಬಂದಿದ್ದಾರೆ, ಜೊತೆಗೆ ನಾಲ್ಕು ಮಂದಿ. ಕೇರಿಯೆಲ್ಲ ಹೊರಗೆ ನಿಂತಿದೆ. "ಒಂದು ಆಳು ಕಳಸ್ರಿ" ಎಂದು ಕೂಗುತ್ತಿದ್ದಾರೆ. ಅಪ್ಪ ಎದ್ದು ಟವೆಲು ಸುತ್ತಿಕೊಂಡ, "ಎಂಟು ದಿನ ಅಲ್ಲೇನು, ನಾ ಹೋಗ್ತೀನಿ" ಎಂದ. ಅವ್ವ ಭುಜ ಹಿಡಿದು ಕೂಡಿಸಿದಳು.

ಹೊರಗೆ ಹೋಗಿ ನಾನು ಹೇಳಬೇಕಾದದ್ದು. ಒಂದೂ ಬಿಡಬಾರದು, ಅದಕ್ಕೆ ಬರೆದುಕೊಳ್ಳುತ್ತಿದ್ದೇನೆ. ನಾನು ಓಟು ಹಾಕಿಲ್ಲ. ಹಾಕಲೇಬೇಕೆಂಬ ಕಾನೂನು ಇಲ್ಲ, ಮಾನ್ವಿಯಲ್ಲಿ ಕೇಳಿ ಬಂದಿದ್ದೇನೆ. ನಾಳೆ ಅಂಥ ಕಾನೂನು ಬಂದರೂ ಅದು ಸರ್ಕಾರದ್ದು, ನಿಮ್ಮದಲ್ಲ. ಹೂಳು ನಿಮ್ಮ ಹೊಲದ್ದು. ನಮ್ಮ ಮನೆಯಿಂದ ಯಾರೂ ಬರುವುದಿಲ್ಲ, ಇವತ್ತೂ ಇಲ್ಲ, ಇನ್ನು ಮುಂದೆ —

ಅಯ್ಯೋ, ಅವ್ವ ಬಾಗಿಲು ತೆಗೆದಳು. ಬುಟ್ಟಿ ಎತ್ತಿದಳು. ಅವರ ಕಾಲ ಬುಡಕ್ಕೇ ಎಸೆದಳು!