ನಾಲ್ಕು ದಿನದ ಹುಲ್ಲು

ಫುಟ್‌ಬಾಲ್ ಲೀಗಿನ ಸ್ಪರ್ಧಾ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ನೀವು ಕಳಿಸಿದ ಪ್ರಶಸ್ತಿಪತ್ರ ಕೈಸೇರಿತು. 'ಪ್ಲೇ-ಆಫ್ ಹಂತದ ಅತ್ಯುತ್ತಮ ಮೈದಾನ' ಎಂದು ಚಿನ್ನದ ಬಣ್ಣದ ಅಕ್ಷರಗಳಲ್ಲಿ ಬರೆಸಿ, ಗಾಜು ಹಾಕಿಸಿ, ಒಡೆಯಬಾರದೆಂದು ಹತ್ತಿ ಸುತ್ತಿ ಕಳಿಸಿದ್ದೀರಿ. ಅದನ್ನು ಅದೇ ಹತ್ತಿಯಲ್ಲಿ ಸುತ್ತಿ ವಾಪಸು ಕಳಿಸುತ್ತಿದ್ದೇನೆ. ನೀವು ಹೊಗಳಿರುವ ಆ ಮೈದಾನವೇ ನಮ್ಮ ತಂಡದ ನಾಯಕನನ್ನು ಹನ್ನೆರಡು ಸಾವಿರ ಜನರ ಕಣ್ಣೆದುರಿಗೆ ಬೀಳಿಸಿತು. ಅದಕ್ಕೆ ಕಾರಣ ನಿಮ್ಮ ಸುತ್ತೋಲೆ, ಮತ್ತು ಅದನ್ನು ಚಾಚೂ ತಪ್ಪದೆ ಪಾಲಿಸಿದ ನಾನು. ಆದರೆ ಎರಡು ವಾರದಿಂದ ಬೈಗುಳ ತಿನ್ನುತ್ತಿರುವವನು ಅವನೊಬ್ಬನೇ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಆ ಮೈದಾನದ ಹುಲ್ಲನ್ನು ಇಪ್ಪತ್ತಾರು ವರ್ಷ ನೋಡಿಕೊಂಡವನು. ಆಟಗಾರರ ಬಾಯಲ್ಲಿ 'ಹುಲ್ಲಪ್ಪ'. ನಾಯಕ ನನ್ನ ಅಕ್ಕನ ಮಗ. ಇದನ್ನೂ ನಾನೇ ಹೇಳುತ್ತಿದ್ದೇನೆ, ಇಲ್ಲದಿದ್ದರೆ ನಿಮ್ಮ ಕಚೇರಿಯಲ್ಲಿ ಯಾರಾದರೂ ಅದನ್ನು ಪತ್ತೆ ಹಚ್ಚಿ, ಈ ಪತ್ರದ ಮರ್ಮವೇ ಸಿಕ್ಕಿತು ಎಂದು ಬೀಗುತ್ತಾರೆ. ಹೌದು ಸ್ವಾಮಿ, ಸಂಬಂಧಿಕನೇ. ಹೊಟ್ಟೆ ಉರಿಯುತ್ತಿರುವುದೂ ಅದಕ್ಕೇ.

ಪ್ಲೇ-ಆಫ್ ವ್ಯವಸ್ಥೆಯ ಮೇಲೆ ನಾನು ಹರಿಹಾಯುವುದಿಲ್ಲ, ಆಸೆಯೇನೋ ಬಹಳ ಇದೆ. ಒಂಬತ್ತು ತಿಂಗಳು, ನಲವತ್ತಾರು ಪಂದ್ಯ. ಮೊದಲೆರಡು ತಂಡಗಳು ನೇರವಾಗಿ ಮೇಲಿನ ಡಿವಿಷನ್ನಿಗೆ ಹೋಗುತ್ತವೆ. ಮೂರರಿಂದ ಆರನೆಯ ಸ್ಥಾನದವರೆಗಿನ ನಾಲ್ಕು ತಂಡಗಳು ಉಳಿದ ಒಂದು ಜಾಗಕ್ಕಾಗಿ ಮತ್ತೆ ಮೊದಲಿನಿಂದ ಗುದ್ದಾಡಬೇಕು. ನಾವು ಮೂರನೆಯವರು, ಎಂಬತ್ತೆರಡು ಅಂಕ. ಎದುರಿಗೆ ಬಂದವರು ಆರನೆಯವರು, ಅರವತ್ತೊಂಬತ್ತು. ನಡುವಿನ ಹದಿಮೂರು ಅಂಕ ಯಾರ ಜೇಬಿಗೆ ಹೋಯಿತು ಎಂದು ನಮ್ಮೂರಿನ ಕ್ಷೌರದಂಗಡಿಯಲ್ಲಿ ದಿನವೂ ಕೇಳುತ್ತಾರೆ. ನಾನು ಕೇಳುವುದಿಲ್ಲ. ಎಂಟು ವರ್ಷದ ಹಿಂದೆ ನಾವೇ ಆರನೆಯವರಾಗಿ ಹೋಗಿ ಮೂರನೆಯವರನ್ನು ಮನೆಗೆ ಕಳಿಸಿದಾಗ, ಇಂಥ ನ್ಯಾಯವಾದ ವ್ಯವಸ್ಥೆ ಬೇರೊಂದಿಲ್ಲ ಎಂದು ಬಾಯ್ತುಂಬ ಹೊಗಳಿದವನು ನಾನು.

ನನ್ನ ತಕರಾರು ಎರಡಡಿ ಅಗಲದ ಜಾಗದ ಬಗ್ಗೆ. ಪೆನಾಲ್ಟಿ ಒದೆಯುವ ಜಾಗ ಎಂದರೆ ನಿಮಗೆ ಚೆಂಡಿಡುವ ಬಿಳಿ ಚುಕ್ಕೆ. ನನಗೆ ಅದರ ಪಕ್ಕದ ಮಣ್ಣು. ಬಲಗಾಲಿನಲ್ಲಿ ಒದೆಯುವವನು ಎಡಗಾಲನ್ನು ಚೆಂಡಿನ ಪಕ್ಕ ಊರುತ್ತಾನೆ. ಇಡೀ ಮೈಭಾರ ಆ ಒಂದು ಕಾಲಿನ ಮೇಲೆ. ಋತುವಿನ ಕೊನೆಗೆ ಅಲ್ಲಿ ಹುಲ್ಲೆಲ್ಲ ಸವೆದು ಬರೀ ಮಣ್ಣು ಉಳಿದಿರುತ್ತದೆ. ನೋಡಲು ಕುರೂಪ, ನಿಜ. ಆದರೆ ನೀರು ಚಿಮುಕಿಸಿ, ದಮ್ಮಸು ಹಾಕಿ ಬಿಟ್ಟರೆ ಸಿಮೆಂಟಿನಷ್ಟು ಗಟ್ಟಿ. ಕೊನೆಯ ತಿಂಗಳಲ್ಲಿ ಅದನ್ನು ಮುಟ್ಟಬಾರದು ಎಂಬುದು ನಮ್ಮ ಕಸುಬಿನ ಕಟ್ಟಳೆ. ನನಗೆ ಕೆಲಸ ಕಲಿಸಿದ ಹಿರಿಯ ಇನ್ನೇನು ಮರೆತರೂ ಇದನ್ನು ಮರೆಯಬೇಡ ಎಂದಿದ್ದ.

ಪಂದ್ಯಕ್ಕೆ ಐದು ದಿನ ಇದೆ ಎನ್ನುವಾಗ ನಿಮ್ಮ ಸುತ್ತೋಲೆ ಬಂತು. ಟಿವಿ ಪ್ರಸಾರದ ದೃಷ್ಟಿಯಿಂದ ಪೆನಾಲ್ಟಿ ಜಾಗದ ಸುತ್ತ ಬರೀ ಮಣ್ಣು ಕಾಣಕೂಡದು, ಹೊಸ ಹುಲ್ಲುಹಾಸು ಕೂರಿಸತಕ್ಕದ್ದು, ತಪ್ಪಿದಲ್ಲಿ ಪಂದ್ಯವನ್ನು ಬೇರೆ ಮೈದಾನಕ್ಕೆ ವರ್ಗಾಯಿಸಲಾಗುವುದು. ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಮೂರು ಬಾರಿ ಬೇರೆಬೇರೆಯವರಿಗೆ ಕೊಟ್ಟ ಮೇಲೆ ಒಬ್ಬರು ಸಿಕ್ಕರು. ಹುಲ್ಲು ಬೇರು ಬಿಡಲು ಕನಿಷ್ಠ ಮೂರು ವಾರ ಬೇಕು, ಅಲ್ಲಿಯವರೆಗೆ ಅದು ನೆಲದ ಮೇಲೆ ಹಾಸಿದ ಚಾಪೆ ಇದ್ದಂತೆ ಎಂದು ವಿವರಿಸಿದೆ. ಬೇಕಾದರೆ ಮಣ್ಣಿಗೆ ಹಸಿರು ಬಣ್ಣ ಬಳಿಯುತ್ತೇನೆ ಎಂದೂ ಅಂಗಲಾಚಿದೆ. ಬಣ್ಣಕ್ಕೆ ಅವಕಾಶವಿಲ್ಲವಂತೆ. "ನೋಡೋಕೆ ಹಸಿರಾಗಿದ್ರೆ ಸಾಕು ರೀ, ನೀವ್ಯಾಕೆ ಬೇರಿನ ತನಕ ಹೋಗ್ತೀರಿ?" ಅಂದರು.

ಮಾನ್ಯರೇ, ಬೇರಿನ ತನಕ ಹೋಗುವುದೇ ನನ್ನ ಕೆಲಸವಲ್ಲವೇ? ಅದನ್ನು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಪಂದ್ಯ ಬೇರೆ ಊರಿನ ಪಾಲಾದರೆ ನಮ್ಮ ಜನ ನನ್ನನ್ನು ಸುಮ್ಮನೆ ಬಿಡುತ್ತಾರೆಯೇ ಎಂಬ ಹೆದರಿಕೆ. ಮರುದಿನ ಗ್ಯಾಲರಿಯ ಹಿಂದೆ ಬೆಳೆಸಿದ್ದ ಹುಲ್ಲಿನಿಂದ ಚೌಕ ಕತ್ತರಿಸಿ ತಂದು, ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕೊನೆಯ ತಿಂಗಳಲ್ಲಿ ಮುಟ್ಟದ ಆ ಗಟ್ಟಿ ಮಣ್ಣನ್ನು ಅಗೆದು ಕೂರಿಸಿದೆ. ಪಂದ್ಯದ ಮುಂಚಿನ ದಿನ ನಿಮ್ಮ ತಪಾಸಣಾಧಿಕಾರಿ ಬಂದರು. ಬೂಟಿನ ತುದಿಯಿಂದ ಅದನ್ನು ಮೆಲ್ಲಗೆ ಒತ್ತಿದರು, ಮಗುವಿನ ಕೆನ್ನೆ ಮುಟ್ಟುವ ಹಾಗೆ. ಬಹಳ ಚೆನ್ನಾಗಿದೆ ಎಂದು ಗುರುತು ಹಾಕಿಕೊಂಡು ಚಹಾ ಕುಡಿದು ಹೋದರು.

ಅಳಿಯನಿಗೆ ಒಂದು ಮಾತು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಳ್ಳುತ್ತಿದ್ದೇನೆ. ಪಂದ್ಯದ ಹಿಂದಿನ ದಿನ ಆಟಗಾರನ ತಲೆಗೆ ಹುಳ ಬಿಡಬಾರದು ಎಂದುಕೊಂಡೆ. ಪಂದ್ಯ ಪೆನಾಲ್ಟಿಯವರೆಗೆ ಎಲ್ಲಿ ಹೋಗುತ್ತದೆ ಎಂದೂ ಅಂದುಕೊಂಡೆ.

ಹೋಯಿತು. ಅವರ ಊರಿನದು, ನಮ್ಮೂರಿನದು ಎರಡೂ ಪಂದ್ಯ ಸೇರಿ ಸಮಸಮ, ಹೆಚ್ಚುವರಿ ಸಮಯದಲ್ಲೂ ಗೋಲಿಲ್ಲ. ತಲಾ ಐದು ಪೆನಾಲ್ಟಿ. ಎದುರಾಳಿಗಳದು ಮೊದಲ ಸರದಿ, ನಮ್ಮ ನಾಯಕನದು ಕೊನೆಯದು. ನಾನು ಆಟಗಾರರು ಮೈದಾನಕ್ಕೆ ಬರುವ ಸುರಂಗದ ಬಾಯಲ್ಲಿ ದಮ್ಮಸಿನ ಕೋಲು ಹಿಡಿದು ನಿಂತಿದ್ದೆ. ಜನ ಚೆಂಡು ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ. ಒಂಬತ್ತು ಜನರಲ್ಲಿ ಎಂಟು ಜನ ಬಲಗಾಲಿನವರು, ಎಂಟು ಬೂಟುಗಳು ಅದೇ ಜಾಗಕ್ಕೆ ಬಿದ್ದವು. ಏಳನೆಯ ಒದೆತಕ್ಕೆ ಹುಲ್ಲಿನ ಅಂಚು ಎದ್ದಿತು. ಓಡಿಹೋಗಿ ಎರಡೇಟು ಕುಟ್ಟಿ ಬಂದಿದ್ದರೆ ಸಾಕಿತ್ತು. ಆದರೆ ಪೆನಾಲ್ಟಿ ನಡೆಯುವಾಗ ಸಿಬ್ಬಂದಿ ಒಳಗೆ ಕಾಲಿಡಬಾರದು ಎಂದು ನಿಮ್ಮ ಅದೇ ಸುತ್ತೋಲೆಯಲ್ಲಿತ್ತು. ಪಕ್ಕದಲ್ಲಿದ್ದ ನಿಮ್ಮ ಅಧಿಕಾರಿಯನ್ನು ಕೇಳಿದೆ, ತಲೆ ಅಡ್ಡಡ್ಡ ಆಡಿಸಿದರು. ನಾನು ನಿಂತೆ. ಅರವತ್ತು ದಾಟಲು ಹೊರಟ ಮನುಷ್ಯ, ಒಳಗೆ ಓಡಿದ್ದರೆ ನನ್ನನ್ನು ಯಾರು ಹೊಡೆಯುತ್ತಿದ್ದರು, ಜೈಲಿಗೆ ಹಾಕುತ್ತಿದ್ದರೇ? ಹಾಗಿದ್ದೂ ನಿಂತೆ.

ನಾಲ್ಕು-ಮೂರು. ಅವನು ಗೋಲು ಹೊಡೆದರೆ ಸಮ. ಅವನು ಓಡಿ ಬಂದ, ಎಡಗಾಲು ಊರಿದ, ಕಾಲಿನಡಿಯ ಹುಲ್ಲು ಚಾಪೆಯ ಹಾಗೆ ಸರಿಯಿತು. ಚೆಂಡು ಗೋಲ್‌ಪೋಸ್ಟಿನ ಮೇಲಿಂದ ಹಾರಿ ಜನರ ನಡುವೆ ಬಿತ್ತು.

ಮಾರನೆಯ ದಿನದ ಪತ್ರಿಕೆಗಳಲ್ಲಿ ಬಂದ ಚಿತ್ರ ನೀವೂ ನೋಡಿರುತ್ತೀರಿ. ನಾಯಕ ಮಂಡಿಯೂರಿ, ಎರಡೂ ಅಂಗೈ ನೆಲಕ್ಕೆ ಒತ್ತಿ, ತಲೆ ತಗ್ಗಿಸಿ ಕೂತಿದ್ದಾನೆ. 'ಕುಸಿದ ನಾಯಕ' ಎಂದು ಅಡಿಬರಹ. ಎಲ್ಲರೂ ಅದನ್ನು ದುಃಖ ಎಂದುಕೊಂಡರು. ಜನ ಖಾಲಿಯಾದ ಮೇಲೆ ನಾನು ಅಲ್ಲಿಗೆ ಹೋದೆ. ಅಂಗೈಯಗಲ ಕಿತ್ತುಬಂದು ಬಿದ್ದಿರಬೇಕಾದ ಹುಲ್ಲು ಹಾಗೆ ಬಿದ್ದಿರಲಿಲ್ಲ. ಯಾರೋ ಅದನ್ನು ಜಾಗಕ್ಕೆ ತಳ್ಳಿ, ಅಂಚನ್ನು ಒತ್ತಿ ಕೂರಿಸಿದ್ದರು. ಮಣ್ಣಿನಲ್ಲಿ ನಾಲ್ಕು ಬೆರಳಿನ ಗುರುತು ಸ್ಪಷ್ಟವಾಗಿತ್ತು.

ಅವನು ಅಳುತ್ತಾ ಕೂತಿರಲಿಲ್ಲ ಮಾನ್ಯರೇ. ಟಿವಿ ಕ್ಯಾಮೆರಾ ಹತ್ತಿರ ಬರುವ ಮುಂಚೆ ನನ್ನ ತಪ್ಪನ್ನು ಮುಚ್ಚುತ್ತಿದ್ದ. ಆಮೇಲೆ ಎದ್ದು ಹೋಗಿ, ಮೈಕಿನ ಮುಂದೆ ನಿಂತು, ಕಾಲು ಜಾರಿತು, ತಪ್ಪು ನನ್ನದೇ, ಊರಿನವರು ಕ್ಷಮಿಸಬೇಕು ಎಂದ.

ಮೂರು ದಿನ ಬಿಟ್ಟು ಅಕ್ಕನ ಮನೆಗೆ ಹೋದೆ. ಗೇಟಿನ ಮೇಲೆ ಯಾರೋ ಬಣ್ಣದಲ್ಲಿ ಹೊಲಸು ಮಾತು ಬರೆದಿದ್ದರು, ಅಕ್ಕ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜುತ್ತಿದ್ದಳು. ನನ್ನನ್ನು ನೋಡಿ, ಅವನು ಊಟ ಮಾಡಿಲ್ಲ, ನೀನಾದರೂ ಹೇಳು ಎಂದಳು. ಅವಳಿಗೆ ಏನೂ ಗೊತ್ತಿಲ್ಲ. ಅವನು ಹಿಂದಿನ ಕೋಣೆಯಲ್ಲಿ ಎಡಮಂಡಿಗೆ ಐಸ್ ಕಟ್ಟಿಕೊಂಡು ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನು ಬಾಗಿಲು ಮುಂದೆ ಮಾಡು ಎಂದು ಸನ್ನೆ ಮಾಡಿದ.

"ಮಾಮ, ಹುಲ್ಲಿನ ವಿಷ್ಯ ಎಲ್ಲೂ ಬಾಯಿ ಬಿಡಬೇಡ. ನಿಂಗೆ ಇನ್ನೊಂದು ವರ್ಷ ಸರ್ವಿಸ್ ಇದೆ."

"ನಿಂದು?"

"ನಂದು ಹೇಗೂ ಮುಗೀತಲ್ಲ. ಮೂವತ್ನಾಲ್ಕು ಆಯ್ತು."

ಮುಗಿದಿರಲಿಲ್ಲ. ಇನ್ನೊಂದು ಋತುವಿಗೆ ಕರಾರು ಮಾಡಿಕೊಳ್ಳುವ ಮಾತು ಮಾರ್ಚ್‌ನಲ್ಲೇ ಆಗಿತ್ತು. ಈಗ ಕ್ಲಬ್ಬಿನವರು ಯೋಚಿಸುತ್ತಿದ್ದಾರಂತೆ. ಒತ್ತಡದಲ್ಲಿ ಕಾಲು ನಡುಗುವವನು ನಾಯಕನಾಗಿ ಬೇಕೇ ಎಂದು. ಹದಿನಾರು ವರ್ಷ ಒಂದೇ ಕ್ಲಬ್ಬಿಗೆ ಆಡಿದ ಕಾಲು ಅದು. ನಿಮ್ಮ ಪಂದ್ಯದ ವರದಿಯಲ್ಲೂ ಇದೆ: ಮೈದಾನ ಸುಸ್ಥಿತಿಯಲ್ಲಿತ್ತು, ನಿರ್ಣಾಯಕ ಪೆನಾಲ್ಟಿ ಆಟಗಾರನ ವೈಯಕ್ತಿಕ ಲೋಪದಿಂದ ವಿಫಲವಾಯಿತು. ವೈಯಕ್ತಿಕ ಲೋಪ! ಎಷ್ಟು ಚೊಕ್ಕವಾದ ಪದ. ಅದನ್ನು ಬರೆದವರಿಗೆ ನಾಲ್ಕು ದಿನದ ಹುಲ್ಲಿನ ಮೇಲೆ ನಿಂತು ಒಂದು ಪೆನಾಲ್ಟಿ ಒದೆಯಲು ಹೇಳಿ. ನೆಲ ನಾನೇ ಸಿದ್ಧ ಮಾಡಿಕೊಡುತ್ತೇನೆ.

ನನಗೆ ಪಂದ್ಯ ಮತ್ತೆ ಆಡಿಸಬೇಕಿಲ್ಲ. ಗೆದ್ದವರು ಮುಂದಿನ ಸುತ್ತಿಗೆ ಹೋದದ್ದು ಹಾಗೇ ಇರಲಿ, ಅವರ ಮನೆಯವರೂ ಸಂತೋಷಪಡಲಿ. ನಾನು ಕೇಳುವುದು ಇಷ್ಟೇ. ವರದಿಯಿಂದ ಆ 'ವೈಯಕ್ತಿಕ ಲೋಪ'ವನ್ನು ತೆಗೆಯಿರಿ. ಆ ಜಾಗದಲ್ಲಿ, ಲೀಗಿನ ಆದೇಶದಂತೆ ಪಂದ್ಯಕ್ಕೆ ನಾಲ್ಕು ದಿನ ಮೊದಲು ಕೂರಿಸಿದ ಹುಲ್ಲು ಕಿತ್ತುಬಂತು ಎಂದು ಬರೆಯಿರಿ. ಸುತ್ತೋಲೆಯ ಪ್ರತಿಯನ್ನು ನಿಮ್ಮ ಸಹಿಯೊಂದಿಗೆ ನಮ್ಮ ಕ್ಲಬ್ಬಿಗೆ ಕಳಿಸಿ. ಉಳಿಸಿಕೊಳ್ಳುವ ಆಟಗಾರರ ಪಟ್ಟಿ ಶುಕ್ರವಾರ ಹೊರಬೀಳುತ್ತದೆ, ಅದಕ್ಕೆ ಮುಂಚೆ ತಲುಪಬೇಕು.

ಬಾಯಿ ಬಿಡಬೇಡ ಎಂದ ಅವನ ಮಾತು ಮೀರಿದೆ. ಇದು ಕಿವಿಗೆ ಬಿದ್ದಾಗ ಅವನು ನನ್ನ ಮೇಲೆ ಸಿಟ್ಟಾಗುತ್ತಾನೆ, ನನ್ನ ಕೆಲಸದ ಚಿಂತೆ ಮಾಡುತ್ತಾನೆ. ಅದಕ್ಕೇ ಇವತ್ತು ಬೆಳಿಗ್ಗೆ ರಾಜೀನಾಮೆ ಬರೆದು, ಉಪಕರಣದ ಕೋಣೆಯ ಬೀಗದಕೈ ಸಮೇತ ಕ್ಲಬ್ಬಿನ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ನನ್ನನ್ನು ಉಳಿಸಲು ಅವನು ಇನ್ನು ಸುಳ್ಳು ಹೇಳಬೇಕಾಗಿಲ್ಲ.

ಇಂತಿ,
ಓಡಿಹೋಗಬೇಕಾದಾಗ ನಿಯಮ ನೋಡಿ ನಿಂತುಬಿಟ್ಟ,
ಅವನ ಸೋದರಮಾವ