ತುಂಬಿದ ತರಗತಿಯ ಅಳತೆ

ಮಾರ್ಚ್ 7, ಶುಕ್ರವಾರ, ಮಧ್ಯಾಹ್ನ

ಮುದ್ದಿನ ತಂಗಿಗೆ,

ನೀನು, ಮಗು, ನಿನ್ನ ನರ್ಸರಿಯ ಗಿಡಗಳು ಎಲ್ಲ ಚೆನ್ನಾಗಿರಬೇಕು. ಎರಡು ವರ್ಷದಿಂದ ಒಂದು ಸಾಲೂ ಬರೆಯದವಳು ಈಗೇಕೆ ವಕ್ಕರಿಸಿದಳು ಎಂದು ಮೂಗು ಮುರಿಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಈ ಕಾಗದ.

ಮತ್ತೆ ಒಂದು ಶಾಲೆಗೆ ನೆಟ್‌ವರ್ಕ್ ಯೋಜನೆ ಹಾಕುತ್ತಿದ್ದೇನೆ. ಕೆಳಗೆ ನಾಲ್ಕು ತರಗತಿ, ಮೇಲೆ ನಾಲ್ಕು. ಮುಂದಿನ ತಿಂಗಳು ಮುನ್ನೂರ ಇಪ್ಪತ್ತು ಮಕ್ಕಳು ಒಂದೇ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ವರ್ಷದ ಪರೀಕ್ಷೆ ಬರೆಯಬೇಕು. ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಹೋದ ಸಲದ ಶಾಲೆಯಲ್ಲಿ, ನಿಂತುಹೋದ ಪರದೆಯ ಮುಂದೆ ಕೂತು ಅಳುತ್ತಿದ್ದ ಮಕ್ಕಳನ್ನು ನಾವಿಬ್ಬರೂ ಕಣ್ಣಾರೆ ಕಂಡಿದ್ದೇವೆ.

ಇಲ್ಲಿ ಕಟ್ಟಡ ನೋಡಿಕೊಳ್ಳುವ ಮ್ಯಾನೇಜರ್ ಒಬ್ಬರಿದ್ದಾರೆ, ಗೋಡೆಗಳನ್ನು ಹೆತ್ತ ಮಕ್ಕಳಂತೆ ಸಾಕಿದವರು. ನನ್ನ ನಕ್ಷೆ ನೋಡಿದವರೇ ಉರಿದುಬಿದ್ದರು. "ವೈಫೈ ಅಂದ್ಮೇಲೆ ವೈರ್ ಯಾಕ್ರೀ? ಕಾರಿಡಾರಲ್ಲಿ ಎರಡು ಪೆಟ್ಟಿಗೆ ಹಾಕಿ, ಸಾಕು. ಈಗಷ್ಟೇ ಬಣ್ಣ ಹೊಡೆಸಿದೀನಿ, ಒಂದು ತೂತು ಕೊರೆದ್ರೂ ಸುಮ್ನಿರಲ್ಲ!" ಪ್ರತಿ ಕೋಣೆಗೂ ಒಂದು ವೈಫೈ ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ವೈರ್ ಬೇಕೇ ಬೇಕು ಎಂದು ನಾನು ಪಟ್ಟು ಹಿಡಿದೆ. ಅವರು ಮೊಬೈಲ್ ಹಿಡಿದು ಖಾಲಿ ತರಗತಿಯ ಮೂಲೆಮೂಲೆ ಸುತ್ತಿ, "ನೋಡಿ, ಸಿಗ್ನಲ್ ಫುಲ್ ಇದೆ" ಎಂದರು.

ಹೋದ ಸಲ ನಾನೂ ಹೀಗೆಯೇ ರಜೆಯಲ್ಲಿ, ಮಕ್ಕಳಿಲ್ಲದ ಶಾಲೆಯಲ್ಲಿ ನಿನ್ನಿಂದ ಅಳತೆ ಮಾಡಿಸಿದ್ದೆ. "ಅಕ್ಕಾ, ಮಕ್ಕಳು ಬರ್ಲಿ ಇರು, ತುಂಬಿದ ಕ್ಲಾಸಲ್ಲಿ ಅಳೆಯೋಣ. ಅಷ್ಟು ಜನ ಕೂತ್ರೆ ಸಿಗ್ನಲ್ಲೇ ಬೇರೆ" ಎಂದು ನೀನು ಬಡಕೊಂಡಿದ್ದೆ. "ಬಂದ್ಲಪ್ಪಾ ದೊಡ್ಡ ತಜ್ಞೆ!" ಎಂದು ನಿನ್ನ ಬಾಯಿ ಮುಚ್ಚಿಸಿದವಳು ನಾನು.

ಹಾಗಾಗಿ ಈ ಸಲ ಹೆಡ್‌ಮೇಡಂ ಹತ್ತಿರ ಹೋಗಿ, ಒಂದು ತಾಸು ಎಲ್ಲ ಮಕ್ಕಳನ್ನೂ ಕೂರಿಸಿಕೊಡಿ ಎಂದು ಗೋಗರೆದೆ. ಮೇಲಿನ ಮಹಡಿಯಲ್ಲಿ ಮ್ಯಾನೇಜರ್ ಹೇಳಿದಂತೆ ಕಾರಿಡಾರಿಗೆ ಎರಡೇ ಪೆಟ್ಟಿಗೆ. ಕೆಳಗೆ ನನ್ನ ಯೋಜನೆಯಂತೆ ಕೋಣೆಗೊಂದು, ಸದ್ಯಕ್ಕೆ ನೆಲದ ಮೇಲೆಯೇ ವೈರ್ ಹಾಸಿ. ಇವತ್ತು ಬೆಳಿಗ್ಗೆ ಹತ್ತಕ್ಕೆ ಗಂಟೆ ಬಾರಿಸಿದರು. ಮಕ್ಕಳೆಲ್ಲ ಒಟ್ಟಿಗೇ ಅಣಕು ಪರೀಕ್ಷೆ ತೆರೆದರು. ಸರ್ವರ್ ಕೋಣೆಯಲ್ಲಿ ನಾನು, ಹೆಡ್‌ಮೇಡಂ, ಮ್ಯಾನೇಜರ್ ಮೂವರೂ ಒಂದೇ ಪರದೆ ನೋಡುತ್ತ ನಿಂತಿದ್ದೆವು. ಒಂದು ನಿಮಿಷ, ಎರಡು ನಿಮಿಷ, ಎಂಟೂ ತರಗತಿ ಹಸಿರು. ಮ್ಯಾನೇಜರ್ ಮೀಸೆಯಲ್ಲೇ ನಕ್ಕರು. ನಾಲ್ಕನೇ ನಿಮಿಷಕ್ಕೆ ಮೇಲಿನ ಮೂಲೆಯ ತರಗತಿ ಕೆಂಪಾಯಿತು. ಆಮೇಲೆ ಅದರ ಪಕ್ಕದ್ದು. "ಮಿಸ್, ಹೋಯ್ತು! ನಂದೂ ಹೋಯ್ತು!" ಎಂಬ ಕೂಗು ಮೆಟ್ಟಿಲಿಳಿದು ನಮ್ಮ ತನಕ ಬಂತು. ಕೆಳಗಿನ ನಾಲ್ಕೂ ಕೋಣೆಗಳು ಕೊನೆಯವರೆಗೂ ಹಸಿರಾಗಿಯೇ ಇದ್ದವು.

ಮ್ಯಾನೇಜರ್ ಗೋಡೆಯನ್ನೊಮ್ಮೆ ಸವರಿ, "ಎಲ್ಲಿ ಕೊರೀತೀರೋ ಗುರುತು ಹಾಕಿ. ನೀಟಾಗಿರ್ಲಿ, ಅಷ್ಟೇ" ಎಂದರು. ಹೆಡ್‌ಮೇಡಂ ನನ್ನ ಕೈ ಕುಲುಕಿ, "ತುಂಬಿದ ಕ್ಲಾಸಲ್ಲೇ ಅಳೀಬೇಕು ಅಂತ ಯಾರಿಗ್ರೀ ಹೊಳೆದಿದ್ದು?" ಎಂದು ಕೇಳಿದರು. ಏನೋ ಹೇಳಿದೆ, ಆ ಮಾತು ಇರಲಿ.

ಒಮ್ಮೆ ಬಂದು ನನ್ನ ನಕ್ಷೆಯ ಮೇಲೆ ಕಣ್ಣಾಡಿಸಿ ಹೋಗು. ನೀನು ಸರಿ ಎನ್ನದೆ ಗೋಡೆ ಕೊರೆಸಲು ನನಗೆ ಧೈರ್ಯವಿಲ್ಲ. ಗಿಡಗಳಿಗೆ ಎರಡು ದಿನ ನಿನ್ನ ಗಂಡ ನೀರು ಹಾಕಲಿ, ಕೈಯೇನೂ ಸವೆಯುವುದಿಲ್ಲ. ಮಗುವಿಗೆ ದೊಡ್ಡಮ್ಮನ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಹೋದ ಸಲ ಶಾಲೆಯವರು ವಿಚಾರಣೆಗೆ ಕೂತು "ಅಳತೆ ಯಾರು ಮಾಡಿದ್ದು?" ಎಂದಾಗ ನಾನು ನಿನ್ನ ಪರ ಮಾತಾಡಲಿಲ್ಲ ಎಂದು ನಿನಗೆ ಕೋಪ. ನಿಜ ಅದಕ್ಕಿಂತ ಕೆಟ್ಟದ್ದು. ನಿನ್ನ ಹೆಸರು ಹೇಳಿದವಳೇ ನಾನು. ರಜೆಯಲ್ಲೇ ಅಳೆ ಎಂದು ಹಟ ಹಿಡಿದದ್ದು ನಾನೆಂದು ಹೇಳಲಿಲ್ಲ. ನೀನು ಈ ಕೆಲಸವನ್ನೇ ಬಿಟ್ಟು ಹೋಗುವಾಗಲೂ ಬಾಯಿ ಬಿಡಲಿಲ್ಲ. ಇವತ್ತು ಹೆಡ್‌ಮೇಡಂ ಕೇಳಿದಾಗ "ನನಗೇ ಹೊಳೀತು" ಎಂದೆ. ತಪ್ಪಾದಾಗ ನಿನ್ನ ಹೆಸರು, ಸರಿಯಾದಾಗ ನನ್ನದು. ನಿಜ ಹೇಳಲು ಅವರ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಈ ಲಕೋಟೆ ಅಂಟಿಸಿ ಮೂರನೇ ಸಲ ಹೊರಟಿದ್ದೇನೆ.