ಅಕ್ಕಂಗೆ ಹೇಳಬೇಡ

ಒಂಟಿಕೊಪ್ಪಲ್, ಮೈಸೂರು
16-8-1999

ಪ್ರೀತಿಯ ಮೌಳಿ,

ಅರಸೀಕೆರೆಯ ತವರಿನಲ್ಲಿ ಬಾಣಂತಿ ಸರ್ವಮಂಗಳಾ ಹೇಗಿದ್ದಾಳೆ? ರಾತ್ರಿ ನಿದ್ದೆ ಸಿಗುತ್ತಿದೆಯಾ ಅವಳಿಗೆ? ಮಗುವಿನ ಮೂಗು ನಮ್ಮ ಕಡೆಯದೋ, ಅವರ ಕಡೆಯದೋ?

ಅಪ್ಪನಿಗೆ ಜ್ವರ ಇಳಿದಿದೆ. ನೀನು ಮೆಡಿಕಲ್ ಅಂಗಡಿಗೆ ಬೀಗ ಹಾಕಿ ಹೋದ ಮಾರನೆಯ ದಿನವೇ ಆಸ್ಪತ್ರೆಗೆ ಸೇರಿಸಿ ಫೋನ್ ಮಾಡಿದ್ದೆನಲ್ಲ, 'ಏನೂ ಆಗಲ್ಲ ಬುಡಕ್ಕ' ಅಂದಿದ್ದೆ ನೀನು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಯಾವ ಆಂಟಿಬಯೋಟಿಕ್ ಕೊಟ್ಟರೂ ನಾಟಲಿಲ್ಲ. ಡಾಕ್ಟರು, 'ಮನೇಲಿ ಇವರಿಗೆ ಸುಮ್ಸುಮ್ನೆ ಈ ಮಾತ್ರೆ ಕೊಡ್ತಿದ್ರಾ? ಹಾಗೆ ನುಂಗಿದ್ರೆ ರೋಗಾಣು ಔಷಧಿಗೆ ಬಗ್ಗಲ್ಲ' ಅಂತ ಕೇಳಿದರು. ನನಗೆ ಕೋಪವೇ ಬಂತು. 'ಸಾರ್, ನೆಗಡಿಗೆಲ್ಲ ಇವನ್ನ ನುಂಗಬೇಡಿ, ಶುರು ಮಾಡಿದ್ದನ್ನ ಅರ್ಧಕ್ಕೆ ಬಿಡಬೇಡಿ ಅಂತ ಬೀದಿಬೀದಿ ಸುತ್ತಿ ಹೇಳೋಳು ನಾನು. ನಮ್ಮನೇಲಿ ಅಂಥದ್ದು ನಡೆಯಲ್ಲ' ಅಂದೆ. ಎದೆಯುಬ್ಬಿಸಿಕೊಂಡು ಅಂದೆ ಕಣೋ. ಕೊನೆಗೆ ಉಳಿದದ್ದು ಕಿವಿಗೆ ಪೆಟ್ಟು ಕೊಡಬಹುದಾದ ಒಂದು ಇಂಜೆಕ್ಷನ್. ಒಪ್ಪಿ ಸಹಿ ಹಾಕಿದೆ. ಜ್ವರ ಬಿಟ್ಟಿತು, ಕಿವಿ ಹೋಯಿತು. ಬೆಳಗ್ಗೆ ಹಾಡುತ್ತಿರುವ ರೇಡಿಯೋದ ಮುಂದೆ ಕೂತು, 'ಯಾಕಮ್ಮ ಇವತ್ತು ವಚನ ಹಾಕಿಲ್ಲ?' ಅಂತಾರೆ.

ಮೊನ್ನೆ ಕುಂಬಾರಕೊಪ್ಪಲಿನ ಹೆಂಗಸರ ಸಂಘದಲ್ಲಿ, ನೆಗಡಿಗೆ ಈ ಮಾತ್ರೆ ಬೇಡ ಅಂತ ಹೇಳುತ್ತಿದ್ದೆ. ಪುಟ್ಟಬಸಮ್ಮ ಅನ್ನೋ ಅಜ್ಜಿ ನಕ್ಕುಬಿಟ್ಟರು. 'ನೀನೇನವ್ವ ಇಂಗಂತೀಯ? ನೆಗಡಿ ಅಂದ್ರೂ ನಿನ್ ತಮ್ಮನೇ ಎರಡು ಕ್ಯಾಪ್ಸೂಲು ಕತ್ತರಿಸಿ ಕೊಡ್ತಾನೆ. ನಿಮ್ಮಪ್ಪಾರೂ ಅಂಗಡೀಲೇ ನುಂಗಿ, ಅಕ್ಕಂಗೆ ಹೇಳಬೇಡ ಕಣಪ್ಪ ಅಂತಿದ್ರು.' ಎಲ್ಲರೂ ನಕ್ಕರು. ಚಾರ್ಟು ಸುತ್ತಿಕೊಂಡು, ಬಸ್ಸಿಗೂ ಕಾಯದೆ ನಡೆದೇ ಬಂದೆ. ಸ್ಲೇಟಿನ ಮೇಲೆ ಬರೆದು ಅಪ್ಪನನ್ನು ಕೇಳಿದೆ. ಓದಿ ಮುಖ ಗೋಡೆಗೆ ತಿರುಗಿಸಿಕೊಂಡರು. 'ನೀನಾದ್ರೆ ಡಾಕ್ಟರು, ಪರೀಕ್ಷೆ ಅಂತೀಯ. ಅವನು ಕೊಟ್ರೆ ಸಂಜೆಗೆ ಆರಾಮ' ಅಂದರು.

ಸಭೆಗಳಿಗೆ ನನ್ನನ್ನು ಸ್ಕೂಟರಿನಲ್ಲಿ ಬಿಟ್ಟು, 'ಚೆನ್ನಾಗಿ ಹೇಳಕ್ಕಾ' ಅನ್ನುತ್ತಿದ್ದವನು ನೀನು. ಅಲ್ಲಿಂದ ಸೀದಾ ಹೋಗಿ ಅದೇ ಜನಕ್ಕೆ ಅದನ್ನೇ ಮಾರಿದೆ. ಹೊರಗಿನವನು ಮಾಡಿದ್ದರೆ ಜಗಳ ಆಡಿ ಮರೆಯುತ್ತಿದ್ದೆ. ನಮ್ಮಪ್ಪನಿಗೇ ಇದನ್ನು ಹೇಗೆ ಮಾಡಿದೆಯೋ?

ನಿನಗೆ ಆಶೀರ್ವಾದ ಬರೆಯಲು ಇವತ್ತು ಕೈ ಬರುತ್ತಿಲ್ಲ. ತಾಯಿ ಮಗು ಚೆನ್ನಾಗಿರಲಿ.

ನಿನ್ನ ಅಕ್ಕ,
ಪ್ರೇಮಲೀಲಾ

ವಿ.ಸೂ.: ಭಾನುವಾರ ಸಿದ್ಧಾರ್ಥನಗರದಲ್ಲಿ ಸಭೆ ಇದೆ. ಅಪ್ಪನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಅವರ ಕಿವಿ ಹೇಗೆ ಹೋಯಿತು ಅಂತ ಹೇಳಿದರೆ, ಮಾತ್ರೆ ಕೊಟ್ಟವರು ಯಾರು ಅಂತ ಜನ ಕೇಳೇ ಕೇಳುತ್ತಾರೆ. ಬಂದು ನಿನ್ನ ಬಾಯಿಂದಲೇ ಹೇಳು. ಬರದಿದ್ದರೆ ನಾನು ಹೇಳುತ್ತೇನೆ, ಹೆಸರು ಹಿಡಿದು.